ಕಾಗಕ್ಕ ಗುಬ್ಬಕ್ಕನ ಬಾಗಿಲಲ್ಲಿ ಇಂಗ್ಲಿಷ್: ಒಂದು ನಲಿ-ಕಲಿ ತರಗತಿಯ ಪ್ರಕರಣ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು. ಆಂಧ್ರದ ಗಡಿ ಹತ್ತಿರದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ನನ್ನದು ನಲಿ-ಕಲಿ ಕೊಠಡಿ, ಅಂದರೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ಕೊಠಡಿ. ಬಹುಪಾಲು ಮಕ್ಕಳ ಮನೆಮಾತು ತೆಲುಗು. ಶಾಲೆಗೆ ಬಂದರೆ ಕನ್ನಡ. ಅದರ ಜೊತೆಗೇ ಒಂದನೇ ತರಗತಿಯಿಂದ ಇಂಗ್ಲಿಷ್. ಕನ್ನಡವೇ ಇನ್ನೂ ಪೂರ್ತಿ ಬಾಯಿಗೆ ಬರದ ಆರು ವರ್ಷದ ಮಗು ಮೂರನೇ ಭಾಷೆಯ ಮುಂದೆ ಕೂತಿರುತ್ತದೆ. ಊರಲ್ಲಿ ಇಂಗ್ಲಿಷ್ ಮಾತು ಕಿವಿಗೆ ಬೀಳುವುದೇ ಇಲ್ಲ. ಅಂಗಡಿ ಬೋರ್ಡು, ಬಿಸ್ಕತ್ ಪೊಟ್ಟಣ, ಅಪ್ಪನ ಮೊಬೈಲು, ಅಷ್ಟೇ. ಹಾಗಾಗಿ ತರಗತಿಯಲ್ಲಿ ಆ ಸ್ವಲ್ಪ ಹೊತ್ತು ಏನು ಕೇಳುತ್ತದೋ ಅದೇ ಮಗುವಿನ ಪಾಲಿಗೆ ಬರುವ ಇಂಗ್ಲಿಷ್.

ಆ ಹೊತ್ತಿನಲ್ಲಿ ಒಂದೇ ಕಥೆಯನ್ನು, ಅದಕ್ಕೆ ಹೊಂದುವ ಒಂದೆರಡು ಹಾಡನ್ನು ಮತ್ತೆ ಮತ್ತೆ ಹೇಳಿಸಿದಾಗ ಏನೇನಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಮಕ್ಕಳಿಗೆ ಪಾಠ ಮಾಡುವ ಟೀಚರ್‌ಗಳಿಗೆ, ಮನೆಯಲ್ಲೇ ಹೇಳಿಕೊಡುವ ಅಪ್ಪ ಅಮ್ಮಂದಿರಿಗೆ ಉಪಯೋಗ ಆದೀತು ಎಂದು ವಿವರವಾಗಿಯೇ ಹೇಳುತ್ತೇನೆ.

ಹಾಡು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ

ನಮ್ಮ ಮಕ್ಕಳಿಗೆ ರೈಮ್ಸ್ ಬರುತ್ತಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ಬರುತ್ತಿದ್ದವು. ಅಂಗನವಾಡಿಯಿಂದಲೇ ಕೆಲವನ್ನು ಕಲಿತು ಬಂದಿರುತ್ತಾರೆ, ಕೈ ತಿರುಗಿಸಿ, ಸೊಂಟ ಆಡಿಸಿ, ಒಂದು ಉಸಿರಿಗೆ ಹೇಳಿ ಮುಗಿಸುತ್ತಾರೆ. ಶಾಲೆಗೆ ಯಾರಾದರೂ ಬಂದರೆ ಮೊದಲು ಅದನ್ನೇ ಹೇಳಿಸುತ್ತೇವೆ, ಅವರಿಗೂ ಖುಷಿ. ಆದರೆ ಹಾಡನ್ನು ಮಧ್ಯದಲ್ಲಿ ನಿಲ್ಲಿಸಿ, ಮುಂದಿನ ಪದ ಯಾವುದು ಎಂದು ಕೇಳಿ ನೋಡಿ. ಮಗು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಅದೇ ಹಾಡಿನ ಒಂದು ಪದವನ್ನು ಬೇರೆ ಕಡೆ ಬಳಸಿ ಕೇಳಿದರೆ ಸುಮ್ನೆ ಮುಖ ನೋಡುತ್ತದೆ. ಇಡೀ ಹಾಡು ಅದಕ್ಕೆ ಒಂದೇ ಉದ್ದನೆಯ ಸದ್ದು. ಅದರೊಳಗೆ ಪದಗಳಿವೆ, ಅವನ್ನು ಬಿಡಿಸಿ ತೆಗೆಯಬಹುದು, ಬೇರೆ ಕಡೆ ಇಡಬಹುದು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ.

ಇನ್ನೊಂದು ಕಡೆ ಪದಪಟ್ಟಿ. ಹಣ್ಣುಗಳ ಹೆಸರು, ಬಣ್ಣಗಳ ಹೆಸರು, ಪ್ರಾಣಿಗಳ ಹೆಸರು. ಇವು ಬಾಯಿಪಾಠ ಆಗುತ್ತವೆ, ಚಿತ್ರ ತೋರಿಸಿದರೆ ಹೇಳುತ್ತಾರೆ. ಆದರೆ 'ರೆಡ್' ಗೊತ್ತು, 'ಆಪಲ್' ಗೊತ್ತು ಎಂದ ಮಾತ್ರಕ್ಕೆ ಆ ಮಗು ಇಂಗ್ಲಿಷಿನಲ್ಲಿ ಯಾರಿಗಾದರೂ ಏನನ್ನಾದರೂ ಹೇಳಬಲ್ಲದಾ? ಹೇಳಲಾರದು. ಹಾಡು ಪೂರ್ತಿ ಗಟ್ಟಿ, ಅಲ್ಲಾಡುವುದಿಲ್ಲ. ಪಟ್ಟಿ ಪೂರ್ತಿ ಬಿಡಿ, ಒಂದಕ್ಕೊಂದು ಅಂಟುವುದಿಲ್ಲ. ಮಕ್ಕಳಿಗೆ ಬೇಕಾಗಿದ್ದದ್ದು ಇವೆರಡರ ನಡುವಿನದು: ಮುಕ್ಕಾಲು ಭಾಗ ಪ್ರತಿ ಸಲ ಹಾಗೇ ಬರುವ, ಒಂದು ಜಾಗ ಮಾತ್ರ ಬದಲಾಗುವ ವಾಕ್ಯ.

ಕಥೆ ಆರಿಸಿದ್ದು

ಅಂಥ ವಾಕ್ಯ ಇರುವ ಕಥೆ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆ ಇದೆಯಲ್ಲ. ಕಾಗೆಯದು ಸಗಣಿ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆ ಬಂದು ಸಗಣಿ ಮನೆ ಕೊಚ್ಚಿಹೋಗುತ್ತದೆ. ಕಾಗೆ ನೆನೆಯುತ್ತಾ ಬಂದು ಬಾಗಿಲು ಬಡಿಯುತ್ತದೆ. ಗುಬ್ಬಿ ಪ್ರತಿ ಸಲ ಒಂದೊಂದು ಕೆಲಸ ಹೇಳಿ ಕಾಯಿಸುತ್ತದೆ: ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ, ನೀರು ಹಾಕುತ್ತಿದ್ದೇನೆ, ಬಟ್ಟೆ ಹಾಕುತ್ತಿದ್ದೇನೆ. ಕೇಳುವ ಮಾತು ಬದಲಾಗುವುದಿಲ್ಲ, ಉತ್ತರದಲ್ಲಿ ಕೆಲಸ ಮಾತ್ರ ಬದಲಾಗುತ್ತದೆ. ಕರ್ನಾಟಕದಲ್ಲಿ ಊರಿಗೊಂದು ಬಗೆಯಲ್ಲಿ ಹೇಳುವ ಕಥೆ ಇದು. ತೆಲುಗಿನಲ್ಲೂ ಕಾಗೆ, ಪಿಚ್ಚುಕದ (ಅಂದರೆ ಗುಬ್ಬಿಯ) ಕಥೆಯಾಗಿ ಇದೆ, ನಮ್ಮ ಮಕ್ಕಳು ಅಜ್ಜಿಯರ ಬಾಯಲ್ಲಿ ಕೇಳಿದ್ದೇ ಅದು. ಹೀಗಾಗಿ ಮುಂದೆ ಏನಾಗುತ್ತದೆ ಅನ್ನುವುದು ಮಕ್ಕಳಿಗೆ ಮೊದಲೇ ಗೊತ್ತು. ಅರ್ಥ ಹುಡುಕುವ ಕಷ್ಟ ಇಲ್ಲ ಅಂದಮೇಲೆ ಗಮನವೆಲ್ಲ ಹೊಸ ಸದ್ದಿನ ಮೇಲೆ ನಿಲ್ಲುತ್ತದೆ. ಹೊಸ ಕಥೆಯನ್ನು ಹೊಸ ಭಾಷೆಯಲ್ಲಿ ಹೇಳಿದರೆ ಮಗು ಎರಡನ್ನೂ ಒಟ್ಟಿಗೆ ಹೊರಬೇಕು. ಇಲ್ಲಿ ಅರ್ಧ ಭಾರ ಇಳಿದೇ ಇರುತ್ತದೆ.

ಇಂಗ್ಲಿಷಿಗೆ ತಂದದ್ದು ಹೀಗೆ. ಕಾಗೆ: "ಸ್ಪ್ಯಾರೋ, ಸ್ಪ್ಯಾರೋ, ಓಪನ್ ದ ಡೋರ್!" ಗುಬ್ಬಿ: "ವೇಟ್, ವೇಟ್, ಐ ಆಮ್ ವಾಷಿಂಗ್ ಮೈ ಬೇಬಿ." ಆಮೇಲೆ ಡ್ರೈಯಿಂಗ್, ಡ್ರೆಸ್ಸಿಂಗ್, ಫೀಡಿಂಗ್. ಎಣ್ಣೆ ಹಚ್ಚುವುದನ್ನು ಬಿಟ್ಟೆ, ಅದಕ್ಕೆ ಈ ಚೌಕಟ್ಟಿನಲ್ಲಿ ಹಗುರವಾಗಿ ಕೂರುವ ಪದ ಸಿಗಲಿಲ್ಲ. ಕಥೆಯ ಉಳಿದ ಭಾಗ, ಮಳೆ ಬಂದದ್ದು, ಮನೆ ಹೋದದ್ದು, ಇವನ್ನೆಲ್ಲ ಮೊದಮೊದಲು ಕನ್ನಡದಲ್ಲೇ ಹೇಳಿದೆ. ಬಾಗಿಲ ಹತ್ತಿರದ ಮಾತು ಮಾತ್ರ ಇಂಗ್ಲಿಷ್. ದಿನ ಕಳೆದಂತೆ ಮಳೆ 'ರೈನ್' ಆಯಿತು, ಮನೆ 'ಹೌಸ್' ಆಯಿತು. ಪೂರ್ತಿ ಇಂಗ್ಲಿಷಿನಲ್ಲೇ ಹೇಳಬೇಕು ಎಂದು ಹಠ ಹಿಡಿಯುವವರಿದ್ದಾರೆ. ಈ ವಯಸ್ಸಿನ ಮಕ್ಕಳ ಜೊತೆ ನನಗೆ ಅದು ಸರಿ ಅನ್ನಿಸುವುದಿಲ್ಲ. ಕಥೆಯ ದಾರಿ ತಪ್ಪಿದ ಮಗು ಆ ದಿನಕ್ಕೆ ಕಿವಿ ಮುಚ್ಚಿಕೊಂಡ ಹಾಗೆಯೇ.

ಬಾಗಿಲು

ನಾವು ಬಳಸಿದ್ದು ತರಗತಿಯ ಬಾಗಿಲನ್ನೇ. ಕಾಗೆ ಆಗುವ ಮಗು ಹೊರಗೆ ಹೋಗಿ ನಿಲ್ಲಬೇಕು, ಚಿಲಕ ಹಾಕುತ್ತೇವೆ, ಒಳಗಿರುವವರೆಲ್ಲ ಗುಬ್ಬಿಗಳು. ಹಳೆ ಲಗ್ನಪತ್ರಿಕೆಯಲ್ಲಿ ಕತ್ತರಿಸಿದ ಕೊಕ್ಕು, ರಬ್ಬರ್ ಬ್ಯಾಂಡು, ಮಗುವಿನ ಬದಲಿಗೆ ಸುತ್ತಿದ ಟವೆಲ್ಲು. ಇಷ್ಟೇ ಸಾಮಾನು. ಕಾಗೆ ಬಡಿಯುತ್ತದೆ, ಕೂಗುತ್ತದೆ, ಒಳಗಿನವರು ಟವೆಲ್ಲಿಗೆ ನೀರು ಹಾಕುವಂತೆ ಮಾಡುತ್ತಾ ಉತ್ತರ ಹೇಳುತ್ತಾರೆ.

ಇಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಮೊದಲ ವಾರಗಳಲ್ಲಿ ಮಕ್ಕಳು "ವೇಟ್, ವೇಟ್" ಜೋರಾಗಿ ಹೇಳುತ್ತಿದ್ದರು, ಕೊನೆಯ "ಬೇಬಿ" ಇನ್ನೂ ಜೋರಾಗಿ. ನಡುವಿನದು ಬರೀ ಗುನುಗು. ಬದಲಾಗುವ ಪದ ಇರುವುದೇ ಆ ನಡುವಿನಲ್ಲಿ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಏನು ಮಾಡುತ್ತಿದ್ದೇನೆ ಅನ್ನುವುದು ವಾಕ್ಯದ ಕೊನೆಗೆ ಬರುತ್ತದೆ, ಮಗುವಿನ ಕಿವಿ ಅಲ್ಲಿಗೇ ಕಾದು ಕೂತಿರುತ್ತದೆ. ಇಂಗ್ಲಿಷಿನಲ್ಲಿ ಅದು ಮಧ್ಯದಲ್ಲೇ ಬಂದು ಹೋಗಿಬಿಡುತ್ತದೆ. ಅದಕ್ಕೆ ನಾನು ಮಾಡಿದ್ದು ಇಷ್ಟೇ: ಆ ಪದ ಬರುವ ಮೊದಲು ಒಂದು ಕ್ಷಣ ನಿಲ್ಲುವುದು. "ವೇಟ್, ವೇಟ್, ಐ ಆಮ್..." ಎಂದು ನಿಂತು, ಟವೆಲ್ಲನ್ನು ಎತ್ತಿ ಉಜ್ಜಿ ತೋರಿಸುವುದು. ಕೈಕೆಲಸ ನೋಡಿ ಮಕ್ಕಳೇ ಪದ ತುಂಬಬೇಕು. ಮಾತಿಗೆ ಮೈಯ ಚಲನೆ ಜೋಡಿಸಿ ಭಾಷೆ ಕಲಿಸುವುದನ್ನು ಅಮೆರಿಕದ ಜೇಮ್ಸ್ ಆಶರ್ 1960ರ ದಶಕದಲ್ಲೇ ಒಂದು ಪದ್ಧತಿಯಾಗಿ ರೂಪಿಸಿದ್ದರು. ಅವರ ಪದ್ಧತಿಯಲ್ಲಿ ಮಗು ಮೊದಲು ಕೇಳಿ ಮಾಡುತ್ತದೆ, ಮಾತಾಡಲೇಬೇಕು ಎಂಬ ಒತ್ತಾಯ ಇರುವುದಿಲ್ಲ. ನಮ್ಮಲ್ಲೂ ಬಾಯಿ ಬಿಡದೆ ಬರೀ ಟವೆಲ್ಲು ಉಜ್ಜುತ್ತಿದ್ದ ಮಕ್ಕಳಿದ್ದರು. ಅವರನ್ನು ಹೇಳು ಹೇಳು ಎಂದು ಕಾಡಲಿಲ್ಲ. ಸರಿಯಾದ ಪದಕ್ಕೆ ಸರಿಯಾದ ಕೆಲಸ ಮಾಡುತ್ತಿದ್ದಾರಾ ಎಂದು ಮಾತ್ರ ನೋಡುತ್ತಿದ್ದೆ.

ಉಚ್ಚಾರಣೆ ತಿದ್ದುವುದಕ್ಕೂ ಹೋಗಲಿಲ್ಲ. ನಮ್ಮ ಕಡೆ 'ಇಸ್ಕೂಲು' ಅನ್ನುವ ಹಾಗೆ ಗುಬ್ಬಿಯೂ 'ಇಸ್ಪ್ಯಾರೋ' ಆಗಿತ್ತು. ನಾನು ಸರಿಯಾಗಿ ಹೇಳುತ್ತಾ ಹೋದೆ, ದಿನವೂ ಅದೇ ಪದ ಕಿವಿಗೆ ಬೀಳುವಾಗ ಕೆಲವರದು ತಾನಾಗಿ ಸರಿಹೋಯಿತು, ಕೆಲವರದು ಇಲ್ಲ. ಅದರಿಂದ ಮಾತಿಗೆ ಏನೂ ಅಡ್ಡಿಯಾಗಲಿಲ್ಲ.

ಹಾಡು ಸೇರಿಸಿದ್ದು ಆಮೇಲೆ. ಹೊರಗೆ ನೆನೆಯುವ ಕಾಗೆ ಸುಮ್ನೆ ನಿಲ್ಲಬಾರದಲ್ಲ, ಅದಕ್ಕೊಂದು ಹಾಡು ಕಟ್ಟಿದೆ: "ಮೈ ಹೆಡ್ ಈಸ್ ವೆಟ್, ಮೈ ಹೆಡ್ ಈಸ್ ವೆಟ್, ಓ ರೈನ್, ಪ್ಲೀಸ್ ಸ್ಟಾಪ್." ಆಮೇಲೆ ನೋಸ್, ಆಮೇಲೆ ಬ್ಯಾಕ್, ಹೀಗೆ ಮೈಯ ಒಂದೊಂದೇ ಭಾಗ. ಧಾಟಿ ಕೋಲಾಟದ್ದು, ಎರಡು ಕೋಲು ಹಿಡಿದೇ ಹಾಡುತ್ತೇವೆ. ಕೋಲಿನ ಪೆಟ್ಟು ಸರಿಯಾಗಿ 'ಹೆಡ್' ಮೇಲೆ, 'ವೆಟ್' ಮೇಲೆ ಬೀಳಬೇಕು. ಕನ್ನಡದಲ್ಲಿ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತೇವೆ, ಇಂಗ್ಲಿಷಿನಲ್ಲಿ ಮುಖ್ಯ ಪದಕ್ಕೆ ಒತ್ತು ಬಿದ್ದು ಉಳಿದವು ಸಣ್ಣದಾಗುತ್ತವೆ. ಇದನ್ನು ಏಳು ವರ್ಷದ ಮಗುವಿಗೆ ವಿವರಿಸಲು ಆಗುವುದಿಲ್ಲ, ಕೋಲಿನ ಪೆಟ್ಟಿಗೆ ಅದು ತಾನಾಗಿ ಬರುತ್ತದೆ. ಇಲ್ಲಿ ಇನ್ನೊಂದು ತೊಡಕೂ ಎದ್ದಿತು. 'ವೇಟ್', 'ವೆಟ್' ಎರಡೂ ಒಂದೇ ಕಥೆಯಲ್ಲಿ ಬಂದು ಮಕ್ಕಳು ಗುಬ್ಬಿಯ ಬಾಯಲ್ಲಿ "ವೆಟ್, ವೆಟ್" ಅನ್ನತೊಡಗಿದರು. ಒಂದಕ್ಕೆ ಅಂಗೈ ತೋರಿಸಿ ತಡೆಯುವುದು, ಇನ್ನೊಂದಕ್ಕೆ ತಲೆ ಕೊಡವುವುದು ಎಂದು ಬೇರೆ ಬೇರೆ ಮಾಡಿದ ಮೇಲೆ ಗೊಂದಲ ಕಡಿಮೆಯಾಯಿತು. ಕೊನೆಗೆ ಮೂರನೇ ತರಗತಿಯ ಮಕ್ಕಳು ಎರಡನ್ನೂ ಕೂಡಿಸಿ, ಕಾಗೆ "ಐ ಆಮ್ ವೆಟ್!" ಅಂದರೆ ಗುಬ್ಬಿ "ವೇಟ್!" ಅನ್ನುವ ಆಟ ಮಾಡಿಕೊಂಡರು.

ಬಾಟಲಿಯ ಮುಚ್ಚಳ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಘಟನೆ ತರಗತಿಯ ಹೊರಗೆ ನಡೆಯಿತು. ಬಿಸಿಯೂಟದ ಹೊತ್ತು. ಎರಡನೇ ತರಗತಿಯ ಒಬ್ಬಳು ನೀರಿನ ಬಾಟಲಿ ಹಿಡಿದು ಬಂದಳು. ಮುಚ್ಚಳ ಬಿಗಿಯಾಗಿತ್ತು, ಹಲ್ಲಿನಲ್ಲೂ ಕಚ್ಚಿ ನೋಡಿದ ಗುರುತಿತ್ತು. ಬಾಟಲಿಯನ್ನು ನನ್ನ ಮುಂದೆ ಚಾಚಿ, ಅದೇ ಕಾಗೆಯ ರಾಗದಲ್ಲಿ, "ಮಿಸ್, ಮಿಸ್, ಓಪನ್ ದ ಬಾಟಲ್" ಅಂದಳು.

ನಾನು ಈ ವಾಕ್ಯವನ್ನು ಅವಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. 'ಸ್ಪ್ಯಾರೋ' ಇದ್ದ ಕಡೆ 'ಮಿಸ್', 'ಡೋರ್' ಇದ್ದ ಕಡೆ 'ಬಾಟಲ್'. ಎರಡು ಜಾಗವನ್ನು ತಾನೇ ಬಿಡಿಸಿ, ತನಗೆ ಬೇಕಾದ್ದನ್ನು ಇಟ್ಟುಕೊಂಡಿದ್ದಳು. ಕೆಲಸವೂ ಆಯಿತು, ಮುಚ್ಚಳ ತೆಗೆದುಕೊಟ್ಟೆ. ಇಂಗ್ಲಿಷ್ ಮಾತಾಡಿದ್ದಕ್ಕೆ ಒಂದು ಫಲ ಸಿಕ್ಕಿದ್ದು ಅವಳಿಗೆ ಬಹುಶಃ ಅದೇ ಮೊದಲು. ಅಲ್ಲಿಂದ ಬೇರೆ ಮಕ್ಕಳೂ ಶುರು ಮಾಡಿದರು. ಓಪನ್ ದ ಬ್ಯಾಗ್, ಓಪನ್ ದ ಬಾಕ್ಸ್, ಓಪನ್ ದ ಗೇಟ್. ಕರೆದರೆ "ವೇಟ್, ವೇಟ್, ಐ ಆಮ್ ರೈಟಿಂಗ್" ಎನ್ನುವುದೂ ಬಂತು.

ಕೆಲವು ದಿನಗಳ ನಂತರ ಒಬ್ಬ ಹುಡುಗ ತಟ್ಟೆ ಮುಂದೆ ಕೂತು "ಐ ಆಮ್ ಊಟಿಂಗ್" ಅಂದ. ಸುತ್ತ ಇದ್ದ ದೊಡ್ಡ ಮಕ್ಕಳು ನಕ್ಕರು. ನನಗೆ ಮಾತ್ರ ಅದು ಆ ವರ್ಷ ಕೇಳಿದ ಅತಿ ಒಳ್ಳೆಯ ಇಂಗ್ಲಿಷ್ ವಾಕ್ಯಗಳಲ್ಲಿ ಒಂದು. ಕೆಲಸದ ಹೆಸರು ಗೊತ್ತಿಲ್ಲ, ಆದರೆ ಮಾಡುತ್ತಿರುವ ಕೆಲಸಕ್ಕೆಲ್ಲ ಆ 'ಇಂಗ್' ಬೇಕು ಅನ್ನುವ ಲೆಕ್ಕ ಸಿಕ್ಕಿದೆ. ಯಾರೂ ವ್ಯಾಕರಣ ಹೇಳಿಲ್ಲ. ವಾಷಿಂಗ್, ಡ್ರೈಯಿಂಗ್, ಫೀಡಿಂಗ್ ಎಂದು ಕೇಳಿ ಕೇಳಿ ಅವನೇ ಕಂಡುಕೊಂಡದ್ದು. "ಓ, ಯು ಆರ್ ಈಟಿಂಗ್! ಐ ಆಮ್ ಈಟಿಂಗ್ ಟೂ" ಎಂದು ನಾನೂ ತುತ್ತು ಎತ್ತಿ ತೋರಿಸಿದೆ. ತಪ್ಪು ಅನ್ನಲಿಲ್ಲ. ಮಾರನೇ ದಿನ ಕಥೆಯ ಗುಬ್ಬಿಯ ಕೆಲಸಗಳ ಸಾಲಿಗೆ ಈಟಿಂಗ್ ಸೇರಿಸಿಕೊಂಡೆವು.

ಇನ್ನೊಂದು ಮಗುವಿನ ವಿಷಯ ಹೇಳಲೇಬೇಕು. ನಮ್ಮದು ಒಣ ಸೀಮೆ. ಕಡಲೆಕಾಯಿ ಬೆಳೆ ಕೈಕೊಟ್ಟರೆ ಜನ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ಹಾಗೆ ಹೋಗಿ ತಿಂಗಳುಗಟ್ಟಲೆ ಶಾಲೆ ಬಿಟ್ಟು ಬಂದ ಒಬ್ಬ ಒಂದನೇ ತರಗತಿಯ ಹುಡುಗಿ ಕನ್ನಡದ ಕಲಿಕಾ ಕಾರ್ಡುಗಳಲ್ಲಿ, ಅಂದರೆ ಮಗು ಮೆಟ್ಟಿಲು ಮೆಟ್ಟಿಲಾಗಿ ಮುಗಿಸುತ್ತಾ ಹೋಗುವ ಪಾಠದ ಕಾರ್ಡುಗಳಲ್ಲಿ, ಹಿಂದೆ ಉಳಿದಿದ್ದಳು, ಅದು ನಲಿ-ಕಲಿಯಲ್ಲಿ ದೊಡ್ಡ ಸಮಸ್ಯೆ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ಋಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಮಾದರಿ ನೋಡಿಕೊಂಡು ಇದನ್ನು ಶುರು ಮಾಡಿದಾಗಲೇ, ಬಿಟ್ಟು ಬಂದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಲಿ ಅನ್ನುವ ಏರ್ಪಾಡು ಇತ್ತು. ಆದರೆ ಇಡೀ ಗುಂಪಿನ ಚಟುವಟಿಕೆಯಲ್ಲಿ ಅಂಥ ಮಗು ಮೂಲೆ ಹಿಡಿಯುತ್ತದೆ. ಕಥೆಯಲ್ಲಿ ಹಾಗಾಗಲಿಲ್ಲ. ಬಾಗಿಲು ಬಡಿದ ತಕ್ಷಣ ಅವಳ ಬಾಯಿಂದಲೂ "ವೇಟ್, ವೇಟ್" ಬಂತು. ಹೊಸದಾಗಿ ಸೇರಿದ್ದು ಒಂದೆರಡು ಪದ, ಅವನ್ನು ಎರಡು ದಿನದಲ್ಲಿ ಹಿಡಿದಳು. ಮತ್ತೆ ಮತ್ತೆ ಬರುವ ಸಾಲು ಇರುವ ಕಥೆಯ ಈ ಗುಣದ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ.

"ಒಂದೇ ಕಥೆ ಎಷ್ಟು ದಿನ?"

ಈ ಪ್ರಶ್ನೆ ಎಲ್ಲರೂ ಕೇಳಿದರು. ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಬ್ಬ ತಂದೆ, ಪಕ್ಕದೂರಿನ ಖಾಸಗಿ ಶಾಲೆಯ ಮಕ್ಕಳು ಇಷ್ಟು ರೈಮ್ಸ್ ಹೇಳುತ್ತಾರೆ, ನಮ್ಮ ಮಗ ಬಂದಾಗಿನಿಂದ ಬಾಗಿಲು ತೆಗಿ ಅನ್ನುವುದೊಂದನ್ನೇ ಹೇಳುತ್ತಾನೆ ಎಂದರು. ಅವರ ಆತಂಕ ಸುಳ್ಳಲ್ಲ. ಆ ಶಾಲೆಯ ವ್ಯಾನು ದಿನಾ ನಮ್ಮ ಗೇಟಿನ ಮುಂದೆಯೇ ಹೋಗುತ್ತದೆ. ನಾನು ವಾದ ಮಾಡಲಿಲ್ಲ, ಅವರನ್ನೇ ಹೊರಗೆ ನಿಲ್ಲಿಸಿ ಕಾಗೆ ಮಾಡಿದೆವು. ಒಳಗಿನಿಂದ ಅವರ ಮಗ, ಕೇಳಿದಷ್ಟು ಸಲವೂ ಬೇರೆ ಬೇರೆ ಕೆಲಸ ಹೇಳಿ ಅಪ್ಪನನ್ನು ಕಾಯಿಸಿದ. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಒಬ್ಬ ಹುಡುಗನ ಅಜ್ಜಿಯನ್ನೂ ಕರೆಸಿದ್ದೆ. ಅವರು ತೆಲುಗಿನಲ್ಲಿ ಅದೇ ಕಥೆ ಹೇಳಿದರು. ಅವರ ಕಥೆಯಲ್ಲಿ ಕಾಗೆ ಕೊನೆಗೆ ಒಲೆ ಪಕ್ಕ ಕೂತು ಬಾಲ ಸುಟ್ಟುಕೊಳ್ಳುತ್ತದೆ. ಮಕ್ಕಳಿಗೆ ಆ ಕೊನೆಯೇ ಬೇಕೆನಿಸಿತು, ಹಾಗಾಗಿ 'ಹಾಟ್' ಅನ್ನುವ ಪದ ಕಥೆಯೊಳಗೆ ಬಂತು.

ಒಂದೇ ಕಥೆಯನ್ನು ಸೇರಿ ಓದುವುದು, ಮತ್ತೆ ಓದುವುದು ಹೊಸ ವಿಚಾರವೇನೂ ಅಲ್ಲ. ನ್ಯೂಜಿಲೆಂಡಿನ ಡಾನ್ ಹೋಲ್ಡವೇ 1970ರ ದಶಕದಲ್ಲಿ ದೊಡ್ಡ ಅಕ್ಷರದ ದೊಡ್ಡ ಪುಸ್ತಕವನ್ನು ಇಡೀ ತರಗತಿ ಒಟ್ಟಿಗೆ ಓದುವ ಪದ್ಧತಿ ಬೆಳೆಸಿದರು. ಅದನ್ನು ಇಂಗ್ಲಿಷ್ ಮನೆಮಾತಲ್ಲದ ಮಕ್ಕಳ ಮೇಲೆ ಪರೀಕ್ಷಿಸಿದವರು ವಾರ್ವಿಕ್ ಎಲ್ಲೀ ಮತ್ತು ಫ್ರಾನ್ಸಿಸ್ ಮಂಗುಭಾಯಿ. ಜಾಗ ಫಿಜಿ ದ್ವೀಪಗಳ ಹಳ್ಳಿ ಶಾಲೆಗಳು, ಕಾಲ 1980ರ ಆಸುಪಾಸು. ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ಸುಮಾರು 250 ಚಿತ್ರ ತುಂಬಿದ ಕಥೆಪುಸ್ತಕ ಕೊಟ್ಟು, ಕೆಲವು ತರಗತಿಗಳಲ್ಲಿ ಹೀಗೆ ಸೇರಿ ಓದಿಸಿದರು, ಕೆಲವು ಕಡೆ ಮೌನವಾಗಿ ಓದಿಕೊಳ್ಳಲು ಬಿಟ್ಟರು, ಇನ್ನು ಕೆಲವು ಶಾಲೆಗಳಲ್ಲಿ ಮಾಮೂಲಿ ವಾಕ್ಯರಚನೆಯ ಪಾಠ ನಡೆಯಿತು. 8 ತಿಂಗಳಲ್ಲಿ ಕಥೆಪುಸ್ತಕದ ಮಕ್ಕಳು ಓದುವುದರಲ್ಲಿ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಹೆಚ್ಚುಕಡಿಮೆ ಎರಡರಷ್ಟು ವೇಗದಲ್ಲಿ ಮುಂದೆ ಹೋಗಿದ್ದರು. 20 ತಿಂಗಳ ಹೊತ್ತಿಗೆ ಅದು ಬರವಣಿಗೆಗೂ ಹರಡಿತ್ತು. ಆ ಮಕ್ಕಳು ನಮ್ಮವರಿಗಿಂತ ದೊಡ್ಡವರು, ಪುಸ್ತಕದ ರಾಶಿಯೂ ಇತ್ತು, ಆದ್ದರಿಂದ ಅದನ್ನು ಹಾಗೇ ತಂದು ಇಲ್ಲಿಗೆ ಹೊಂದಿಸಲು ಆಗುವುದಿಲ್ಲ. ಆದರೂ ಕಥೆ ಅಂದರೆ ಕಾಲಹರಣ, ಪಾಠ ಅಂದರೆ ಪಠ್ಯಪುಸ್ತಕ ಎನ್ನುವವರ ಮುಂದೆ ಇಡಲು ಇದು ಗಟ್ಟಿಯಾದ ಆಧಾರ.

ನಾವೂ ಒಂದು ದೊಡ್ಡ ಪುಸ್ತಕ ಮಾಡಿದೆವು. ಹಳೆ ಕ್ಯಾಲೆಂಡರ್ ಹಾಳೆಗಳ ಹಿಂಬದಿ, ಸ್ಕೆಚ್ ಪೆನ್ನು, ಮಕ್ಕಳದೇ ಚಿತ್ರ. ಪುಟಕ್ಕೆ ಒಂದೇ ಸಾಲು. ಮಕ್ಕಳು ಮೊದಲ ದಿನವೇ ಗಡಗಡ ಓದಿಬಿಟ್ಟರು. ಅದು ಓದು ಅಲ್ಲ, ನೆನಪು ಎಂದು ಬೆರಳಿಟ್ಟು ಓದಿಸಿದಾಗ ತಿಳಿಯುತ್ತದೆ. 'ಸ್ಪ್ಯಾ' ಅನ್ನುವಾಗ ಒಂದು ಪದದ ಮೇಲೆ ಬೆರಳು, 'ರೋ' ಅನ್ನುವಾಗ ಇನ್ನೊಂದರ ಮೇಲೆ. ಬಾಯಲ್ಲಿ ಇನ್ನೂ ಅರ್ಧ ಸಾಲು ಇರುವಾಗಲೇ ಬೆರಳು ಸಾಲಿನ ಕೊನೆ ಮುಟ್ಟಿರುತ್ತದೆ. ಆಗ ಮಗು ತಾನೇ ನಿಂತು, ಹಾಳೆ ನೋಡಿ, ಮತ್ತೆ ಮೊದಲಿನಿಂದ ಬೆರಳಿಡುತ್ತದೆ. ಹೀಗೆ ಮಾಡುತ್ತಾ ಮಾಡುತ್ತಾ ಯಾವುದು ಎಲ್ಲಿ ಮುಗಿಯುತ್ತದೆ ಅನ್ನುವುದು ಗೊತ್ತಾಗುತ್ತದೆ. ಅಕ್ಷರ ಕಲಿಯಲು ನನಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಕ್ಕಿಲ್ಲ, ಸಾಲು ಬಾಯಿಗೆ ಮೊದಲೇ ಬಂದಿರುವುದರಿಂದ ಕಣ್ಣಿಗೆ ಕೆಲಸ ಸುಲಭ.

ಮೊಬೈಲಿನಲ್ಲಿ ವಿಡಿಯೋ ಹಾಕುವುದನ್ನೂ ಮಾಡಿ ನೋಡಿದ್ದೇನೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ, ಬಾಯಿ ತೆರೆಯುವುದಿಲ್ಲ. ವಿಡಿಯೋದ ಕಾಗೆ ಯಾರಿಗೋಸ್ಕರವೂ ಕಾಯುವುದಿಲ್ಲ.

ಸಿಕ್ಕಿಹಾಕಿಕೊಂಡಿರುವ ಜಾಗ

ಎಲ್ಲ ಸುಸೂತ್ರ ಎಂದು ಯಾರೂ ತಿಳಿಯಬಾರದು. ಚಿತ್ರ ತೋರಿಸಿ "ವಾಟ್ ಈಸ್ ದ ಸ್ಪ್ಯಾರೋ ಡೂಯಿಂಗ್?" ಎಂದು ಕೇಳಿದರೆ ತರಗತಿಯೆಲ್ಲ ಒಟ್ಟಿಗೆ "ಐ ಆಮ್ ವಾಷಿಂಗ್ ಮೈ ಬೇಬಿ" ಅನ್ನುತ್ತದೆ. ಗುಬ್ಬಿ ಏನು ಮಾಡುತ್ತಿದೆ ಎಂದು ಕೇಳಿದರೆ ಗುಬ್ಬಿಯಾಗಿಯೇ ಉತ್ತರ. ಕೆಲಸದ ಪದ ಬದಲಾಯಿಸಲು ಬಂದಿದೆ, 'ಐ ಆಮ್' ಮಾತ್ರ ಕಲ್ಲಿನಂತೆ ಅಲ್ಲೇ ಇದೆ. ಕಥೆಯಲ್ಲಿ ಆ ಜಾಗ ಒಮ್ಮೆಯೂ ಬದಲಾಗಲಿಲ್ಲ, ಆದ್ದರಿಂದ ಮಕ್ಕಳಿಗೆ ಅದು ಬದಲಾಗಬಲ್ಲದು ಎಂದು ಗೊತ್ತಿಲ್ಲ. ಇದರಿಂದ ಕಥೆ ಆರಿಸುವವರಿಗೆ ಒಂದು ಸೂಚನೆ ಸಿಗುತ್ತದೆ: ಯಾವ ಜಾಗ ಅಲ್ಲಾಡುತ್ತದೋ ಅದನ್ನಷ್ಟೇ ಮಗು ಕಲಿಯುತ್ತದೆ, ಅಲ್ಲಾಡದ್ದು ಬರೀ ಸದ್ದಾಗಿ ಉಳಿಯುತ್ತದೆ.

ಈಗ ಕಥೆಗೆ ಮೂರನೆಯವನೊಬ್ಬನನ್ನು ಸೇರಿಸಿದ್ದೇವೆ. ಕಿಟಕಿಯಲ್ಲಿ ಇಣುಕುವ ಅಳಿಲು. ಗುಬ್ಬಿ ನಿಜ ಹೇಳುತ್ತಿದೆಯಾ ಎಂದು ಕಾಗೆಗೆ ಅನುಮಾನ. ಅದು ಅಳಿಲನ್ನು ಕೇಳುತ್ತದೆ, ಅಳಿಲು ಒಳಗೆ ನೋಡಿ "ಷೀ ಈಸ್ ವಾಷಿಂಗ್ ಹರ್ ಬೇಬಿ" ಎಂದು ಸುದ್ದಿ ಕೊಡುತ್ತದೆ. ಕೆಲವೊಮ್ಮೆ ಗುಬ್ಬಿ ಒಂದು ಹೇಳಿ ಇನ್ನೊಂದು ಮಾಡುತ್ತಿರುತ್ತದೆ, ಆಗ ಅಳಿಲು "ನೋ, ನೋ! ಷೀ ಈಸ್ ಈಟಿಂಗ್!" ಎಂದು ಕೂಗಬೇಕು. ಅಳಿಲಾಗಲು ಮಕ್ಕಳಲ್ಲಿ ಜಗಳವೇ ನಡೆಯುತ್ತದೆ. ಮೂರನೇ ತರಗತಿಯವರು 'ಷೀ ಈಸ್' ಹಿಡಿದಿದ್ದಾರೆ. 'ಹರ್' ಇನ್ನೂ ಬಂದಿಲ್ಲ, ಬಹಳ ಜನ "ಷೀ ಈಸ್ ವಾಷಿಂಗ್ ಮೈ ಬೇಬಿ" ಅನ್ನುತ್ತಾರೆ. ಅದಕ್ಕೆ ಗುಬ್ಬಿಯನ್ನು ನಿಲ್ಲಿಸಿ, "ಯುವರ್ ಬೇಬಿ? ನೋ, ಮೈ ಬೇಬಿ!" ಎಂದು ಟವೆಲ್ಲು ಕಿತ್ತುಕೊಳ್ಳುವ ಒಂದು ತುಣುಕು ಸೇರಿಸಿ ನೋಡುತ್ತಿದ್ದೇವೆ.